ರೇಸ್ ಒತ್ತಿದರೂ ಗಾಡಿ ಏಳ್ತಿಲ್ಲ ಯಾಕ?

ಈ ವಾರದ ಪ್ರಶ್ನೆ ದೇವದುರ್ಗದ ಕೇಳುಗರೊಬ್ಬರದ್ದು: "ಹೊಸ ಕಾರು ತಗೊಂಡೀನಿ. ರೇಸ್ ಒತ್ತಿದ್ರ ಒಂದು ಕ್ಷಣ ತಡದು ಏಳ್ತದ. ಆನ್‌ಲೈನ್‌ನಾಗ ಪಿಕಪ್ ಹೆಚ್ಚಿಸೋ ಡಬ್ಬಿ ಸಿಗ್ತದಲ್ಲ, ಹಾಕಿಸ್ಲೇನು?" ಇದು ಕೆಲವು ಸಾವಿರ ರೂಪಾಯಿಯ ಮಾತು. ಓವರ್‌ಟೇಕ್ ಅಂತ ಬಂದರೆ ಜೀವದ ಮಾತೂ ಹೌದು.

ಮೊದಲು ಒಳಗ ಏನು ನಡೀತದ ನೋಡೋಣ. ಹಳೇ ಮಾರುತಿ 800ರಲ್ಲಿ ಪೆಡಲ್‌ನಿಂದ ಇಂಜಿನ್‌ವರೆಗೆ ಒಂದು ಕೇಬಲ್ ಇತ್ತು. ಕಾಲು ಒತ್ತಿದಷ್ಟೇ ಗಾಳಿಯ ಬಾಗಿಲು ತೆರೀತಿತ್ತು. ಈಗಿನ ಕಾರಲ್ಲಿ ಆ ಕೇಬಲ್ ಇಲ್ಲ. ಪೆಡಲ್‌ನಲ್ಲಿ ಸೆನ್ಸಾರ್ ಇದೆ. ಒಂದು ಕೈಕೊಟ್ಟರೆ ಗೊತ್ತಾಗಲಿ ಅಂತ ಸಾಮಾನ್ಯವಾಗಿ ಎರಡು ಇರ್ತವೆ. ಅದು ಇಸಿಯುಗೆ, ಅಂದರೆ ಕಾರಿನ ಕಂಪ್ಯೂಟರ್‌ಗೆ, ಸಂದೇಶ ಕೊಡುತ್ತದೆ. ಪೆಟ್ರೋಲ್ ಕಾರಲ್ಲಿ ಬಾಗಿಲು ಎಷ್ಟು ತೆರೀಬೇಕು, ಡೀಸೆಲ್ ಕಾರಲ್ಲಿ ಇಂಧನ ಎಷ್ಟು ಬಿಡಬೇಕು ಅನ್ನೋದನ್ನ ಇಸಿಯು ನಿರ್ಧರಿಸುತ್ತದೆ. ಅಂದರೆ ನೀವು ಅರ್ಜಿ ಹಾಕ್ತೀರಿ, ಮಂಜೂರು ಮಾಡೋದು ಅದು. ಹೊಗೆ ಕಡಿಮೆ ಇರಲಿ, ಮೈಲೇಜ್ ಬರಲಿ, ಗಾಡಿ ಜರ್ಕ್ ಹೊಡೀದಿರಲಿ ಅಂತ ಕಂಪನಿಯವರು ಮೊದಲ ಒತ್ತಿಗೆ ಸ್ವಲ್ಪ ಬಿಗಿಯಾಗಿಯೇ ಮಂಜೂರು ಮಾಡಿಸಿರ್ತಾರೆ. 2020ರ ಏಪ್ರಿಲ್ 1ರಿಂದ ಬಿಎಸ್‌6 ಬಂದ ಮೇಲೆ ಹೊಗೆಯ ಲೆಕ್ಕ ಇನ್ನೂ ಕಟ್ಟುನಿಟ್ಟು.

ಈಗ ಡಬ್ಬಿಗೆ ಬರೋಣ. ಅದು ಪೆಡಲ್‌ಗೂ ಇಸಿಯುಗೂ ನಡುವೆ ಕೂರುತ್ತದೆ. ನೀವು 20% ಒತ್ತಿದರೆ "40% ಒತ್ತಿದಾರ" ಅಂತ ಹೇಳುತ್ತದೆ, ಅಷ್ಟೇ. ನಾನು ಓದಿದ್ದು ಬಿ.ಕಾಂ., ಹಾಗಾಗಿ ಸಂಬಳದ ಲೆಕ್ಕದಾಗ ಹೇಳ್ತೀನಿ. ತಿಂಗಳ ಮೊದಲ ಹತ್ತು ದಿನದಾಗ ಎಲ್ಲಾ ಖರ್ಚು ಮಾಡಿದರೆ ಶ್ರೀಮಂತರಾದಂಗ ಅನ್ನಿಸ್ತದ. ಸಂಬಳ ಮಾತ್ರ ಒಂದು ರೂಪಾಯಿ ಹೆಚ್ಚಾಗಿರಲ್ಲ. ಪೆಡಲ್ ಪೂರ್ತಿ ಒತ್ತಿದಾಗ ಡಬ್ಬಿ ಇದ್ದರೂ 100%, ಇಲ್ಲದಿದ್ದರೂ 100%.

ಮಾನ್ವಿ ರಸ್ತೆ ನೆನಪು ಮಾಡ್ಕೊಳ್ರಿ. ಮುಂದೆ ಭತ್ತ ತುಂಬಿದ ಟ್ರ್ಯಾಕ್ಟರ್, ಎದುರಿಗೆ ಲಾರಿ. 80 ಕಿ.ಮೀ. ವೇಗದಲ್ಲಿ ಬರೋ ಲಾರಿ ಒಂದು ಸೆಕೆಂಡ್‌ಗೆ ಸುಮಾರು 22 ಮೀಟರ್ ಹತ್ತಿರ ಬರುತ್ತದೆ. ಅಂಥ ಹೊತ್ತಲ್ಲಿ ನಿಮ್ಮ ಕಾಲು ಪೂರ್ತಿ ಕೆಳಗೇ ಇರುತ್ತದೆ. ಡಬ್ಬಿಯ ಆಟ ಅಲ್ಲಿಗೆ ಮುಗೀತು. "ಡಬ್ಬಿ ಅದ, ಹೋಗ್ತದ" ಅಂತ ನುಗ್ಗೋದೇ ಅಪಾಯ.

ಹಾಗಾದರೆ ಏನು ಮಾಡಬೇಕು? ಖರ್ಚಿಲ್ಲದ್ದು ಮೊದಲು. ಪೆಡಲ್ ಕೆಳಗೆ ಮ್ಯಾಟ್ ಮೇಲೆ ಮ್ಯಾಟ್ ಹಾಕಿದ್ದರೆ ತೆಗೀರಿ. ಪೆಡಲ್ ಪೂರ್ತಿ ಹೋಗಲ್ಲ, ಸಿಕ್ಕಿಹಾಕಿಕೊಳ್ಳಲೂಬಹುದು. ಇಕೋ ಮೋಡ್ ಆನ್ ಇದೆಯಾ ನೋಡ್ರಿ. ಓವರ್‌ಟೇಕ್‌ಗೆ ಮುಂಚೆಯೇ ಒಂದು ಗೇರ್ ಇಳಿಸ್ರಿ. ಟರ್ಬೋ ಗಾಡಿಗೆ ಇದು ಬಹಳ ಮುಖ್ಯ, ಯಾಕಂದ್ರೆ ಕಡಿಮೆ ಆರ್‌ಪಿಎಂನಲ್ಲಿ ಟರ್ಬೋ ಇನ್ನೂ ಎದ್ದಿರಲ್ಲ.

ಆಮೇಲೆ ಏರ್ ಫಿಲ್ಟರ್. ರೈಸ್‌ಮಿಲ್ಲಿನ ಹೊಟ್ಟು, ಹೊಲದ ದಾರಿಯ ಮಣ್ಣು, ಎಲ್ಲಾ ಅಲ್ಲೇ ಕೂರ್ತದ. ನಮ್ಮ ಕಡೆ ಸರ್ವೀಸ್ ಪುಸ್ತಕ ಹೇಳಿದ್ದಕ್ಕಿಂತ ಮೊದಲೇ ತೆಗೆದು ನೋಡ್ರಿ. ಪೆಟ್ರೋಲ್ ಕಾರಾದರೆ ಥ್ರಾಟಲ್ ಬಾಡಿಯ ಕಾರ್ಬನ್ ಕ್ಲೀನ್ ಮಾಡಿಸ್ರಿ. ಅದನ್ನ ಗೊತ್ತಿರೋ ಮೆಕ್ಯಾನಿಕ್ಕೇ ಮಾಡಲಿ, ಕೆಲವು ಗಾಡಿಗಳಿಗೆ ಸ್ಕ್ಯಾನರ್ ಹಾಕಿ ರೀಸೆಟ್ ಮಾಡಬೇಕಾಗುತ್ತದೆ. ಆರ್‌ಪಿಎಂ ಮುಳ್ಳು ಏರಿ ಗಾಡಿ ಏರದಿದ್ದರೆ ಕ್ಲಚ್ ನೋಡಿಸ್ರಿ. ಚೆಕ್ ಇಂಜಿನ್ ದೀಪ ಹತ್ತಿದ್ದರೆ ಮಾತೇ ಬೇಡ, ಮೊದಲು ಸ್ಕ್ಯಾನ್.

ಇಷ್ಟೆಲ್ಲಾ ಆದ ಮೇಲೂ ಡಬ್ಬಿ ಬೇಕೆನ್ನಿಸಿದರೆ, ವಾರಂಟಿ ಉಳೀತದೇನು ಅಂತ ಶೋರೂಮ್‌ನವರ ಹತ್ರ ಬರಹದಲ್ಲಿ ಕೇಳ್ರಿ. ಬಾಯಿಮಾತಿನ "ಏನಾಗಲ್ಲ ಬಿಡ್ರಿ" ಲೆಕ್ಕಕ್ಕೆ ಬರಲ್ಲ.

ದೇವದುರ್ಗದ ಅಣ್ಣಾ, ನನ್ನ ಉತ್ತರ ಇಷ್ಟು: ಮೊದಲು ಫಿಲ್ಟರ್, ಗೇರ್, ಮ್ಯಾಟ್. ಜಾಗ ಸಾಲದಿದ್ದರೆ ಟ್ರ್ಯಾಕ್ಟರ್ ಹಿಂದೆಯೇ ಎರಡು ನಿಮಿಷ ಇರ್ರಿ. ಮುಂದಿನ ವಾರ ಸಿಗೋಣ.