ದನಿಯ ಬನಿ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ವರುಷ ವರುಷವೂ ಈ ವೇದಿಕೆಯನ್ನೇರಿ ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ನಾಲ್ಕು ಮಾತನಾಡಿ ಇಳಿದುಹೋಗುವುದು ನಮಗೆ ರೂಢಿಯಾಗಿದೆ. ಈ ಸಲ ಕಾರ್ಯದರ್ಶಿಗಳು ಮನೆಯವರೆಗೂ ಬಂದು, “ಪಂಡಿತರೆ, ಸಂಜೆಯಾದರೆ ತಮ್ಮ ಮನೆಯಿಂದ ಗುಂಯ್ ಗುಂಯ್ ಎಂಬ ಸದ್ದು ಬರುತ್ತಿದೆ. ಅದೇನೆಂಬುದನ್ನೇ ಸಭೆಗೆ ತಿಳಿಸಬಾರದೆ?” ಎಂದರು. ವಿನೋದಕ್ಕೆ ಆಡಿದ ಮಾತೋ ಏನೋ. ನಾವಂತೂ ಅಪ್ಪಣೆಯೆಂದೇ ಶಿರಸಾವಹಿಸಿದೆವು. ಆದುದರಿಂದ, ಹಳೆಯ ಧ್ವನಿಮುದ್ರಿಕೆಯೊಂದರಲ್ಲಿ ಕೇಳಿದ ದನಿಯನ್ನು ನಮ್ಮ ಮನೆಯ ಚಾವಡಿಯಲ್ಲಿ ಪುನಃ ಹುಟ್ಟಿಸಲು ನಾವೂ ನಮ್ಮ ಚಿರಂಜೀವಿಯೂ ಒಂದು ಮಳೆಗಾಲವಿಡೀ ಪಟ್ಟ ಪಾಡನ್ನೇ ಇಂದು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ.

ಆ ವಾದ್ಯದ ಹೆಸರು ಬೇಸ್ ಗಿಟಾರ್. ಕಂಡರಿಯದವರಿಗಾಗಿ ಎರಡು ಮಾತು. ಸಾಮಾನ್ಯ ಗಿಟಾರಿಗೆ ಆರು ತಂತಿಗಳಾದರೆ ಇದಕ್ಕೆ ನಾಲ್ಕು. ತಂತಿಗಳು ದಪ್ಪ, ದಂಡ ಉದ್ದ. ಮಿಡಿಯುವ ತಂತಿಯ ಅಳತೆ ೩೪ ಅಂಗುಲ. ಎಲ್ಲಕ್ಕಿಂತ ಕೆಳಗಿನ ತಂತಿಯು ಸೆಕೆಂಡಿಗೆ ಸುಮಾರು ೪೧ ಸಲ ಕಂಪಿಸುತ್ತದೆ. ಅಂದರೆ ಗಂಡಸರ ಶ್ರುತಿಯ ತಂಬೂರಿಯ ಮಂದ್ರಷಡ್ಜಕ್ಕಿಂತಲೂ ತಗ್ಗಿನಲ್ಲಿ. ಮರದ ಹಲಗೆಯ ಮೇಲೆ ತಂತಿ, ತಂತಿಯ ಕೆಳಗೆ ಅಯಸ್ಕಾಂತವೂ ಸಾವಿರಾರು ಸುತ್ತಿನ ತಾಮ್ರದ ಸುರುಳಿಯೂ ಇರುತ್ತವೆ. ವಿದ್ಯುತ್ತಿನ ನೆರವಿಲ್ಲದಿದ್ದರೆ ಪಕ್ಕದ ಕೋಣೆಗೂ ಕೇಳಿಸದು. ಅಮೆರಿಕದ ಲಿಯೋ ಫೆಂಡರ್ ಎಂಬವರ ಕಾರ್ಖಾನೆಯಿಂದ ೧೯೫೧ರಲ್ಲಿ ಹೊರಬಂದ ‘ಪ್ರಿಸಿಶನ್ ಬೇಸ್’ ಎಂಬುದು ಈ ಜಾತಿಯ ವಾದ್ಯಗಳನ್ನು ಲೋಕದಲ್ಲೆಲ್ಲ ಹಬ್ಬಿಸಿತು.

ನಮ್ಮ ಹುಡುಗನು ಪ್ಲಸ್ ಟು ತರಗತಿಯವನು. ಮಂಗಳೂರಿನಲ್ಲಿ ಯಾರೋ ಬಳಸಿ ಬಿಟ್ಟಿದ್ದ ಬೇಸ್ ಒಂದನ್ನು ತನ್ನ ಉಳಿತಾಯದ ಹಣದಿಂದ ಕೊಂಡು ತಂದನು. ನುಡಿಸುವುದನ್ನು ತಕ್ಕಮಟ್ಟಿಗೆ ಕಲಿತನು. ಆದರೆ ಅವನಿಗೆ ನೆಮ್ಮದಿಯಿಲ್ಲ. ಹಾಡನ್ನು ಹಾಕುವನು, ಕೇಳುವನು, ತಾನೂ ನುಡಿಸುವನು, ಮುಖ ಸಿಂಡರಿಸಿಕೊಂಡು ವಾದ್ಯವನ್ನು ಮೂಲೆಗಿಡುವನು. ಕಡೆಗೊಂದು ದಿನ, “ಅಪ್ಪಾ, ಸ್ವರಗಳೆಲ್ಲ ಸರಿಯಾಗಿವೆ, ಟೋನ್ ಮಾತ್ರ ಬರುತ್ತಿಲ್ಲ. ಅದಕ್ಕೊಂದು ಯಂತ್ರ ಬೇಕು, ೧೪,೦೦೦ ರೂಪಾಯಿ” ಎಂದನು.

ಟೋನ್ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕು? ನಾದವೆನ್ನಬಹುದು; ಆದರೆ ನಾದಕ್ಕೆ ಬೇರೆ ಅರ್ಥಗಳೂ ಉಂಟು. ಒಂದೇ ಷಡ್ಜವನ್ನು ವೀಣೆಯಲ್ಲಿಯೂ ಪಿಟೀಲಿನಲ್ಲಿಯೂ ನುಡಿಸಿದರೆ ಸ್ವರವೊಂದೇ, ದನಿ ಬೇರೆ. ಎರಡು ವೀಣೆಗಳಲ್ಲಿ ನುಡಿಸಿದರೂ ದನಿಯ ತಿರುಳು ಬೇರೆ ಬೇರೆ. ಇದಕ್ಕೆ ನಮ್ಮಲ್ಲಿ ‘ಬನಿ’ ಎಂಬ ಒಳ್ಳೆಯ ಮಾತಿದೆ. ಹುಡುಗನಿಗೆ ಬೇಕಾಗಿದ್ದುದು ಆ ಹಾಡಿನ ಬೇಸಿನ ಬನಿ.

ಯಂತ್ರಕ್ಕೆ ಹಣವಿಲ್ಲವೆಂದೆವು. ಅಷ್ಟೇ ಹೇಳಿದ್ದರೆ ಸಾಕಿತ್ತು. “ಪರೀಕ್ಷೆಯ ವರುಷ ಈ ಹುಚ್ಚು ಬೇಡ” ಎಂದೂ ಸೇರಿಸಿದೆವು. ಅವನು ಮಾತಾಡದೆ ವಾದ್ಯವನ್ನು ಚೀಲಕ್ಕೆ ಹಾಕಿ ಅಟ್ಟದ ಮೇಲಿಟ್ಟನು. ಎಂಟು ಹತ್ತು ದಿನ ಮನೆಯಲ್ಲಿ ಸದ್ದಿಲ್ಲ. ನಾವು ಹನ್ನೆರಡು ವರ್ಷದವರಿದ್ದಾಗ ಮದ್ದಳೆ ಕಲಿಯಲು ಹೋಗುತ್ತಿದ್ದೆವು. ನಮ್ಮ ತೀರ್ಥರೂಪರು ಒಂದು ಸಂಜೆ ಹೆಚ್ಚು ಕಡಮೆ ಇದೇ ಮಾತನ್ನು ಹೇಳಿದ್ದರು. ಆ ಬಳಿಕ ಮದ್ದಳೆಯನ್ನು ಮುಟ್ಟಿದವರಲ್ಲ. ಅಟ್ಟದ ಮೇಲಿನ ಚೀಲವನ್ನು ನೋಡಿದಾಗಲೆಲ್ಲ ಅದು ನೆನಪಾಗತೊಡಗಿತು. ಒಂದು ರಾತ್ರಿ ಊಟವಾದ ಮೇಲೆ, “ಆ ಹಾಡನ್ನು ನಮಗೂ ಒಮ್ಮೆ ಕೇಳಿಸು” ಎಂದೆವು.

ಹಾಡಿನ ಹೆಸರು ‘ಮೈ ಗರ್ಲ್’. ಟೆಂಪ್ಟೇಶನ್ಸ್ ಎಂಬ ಗಾಯಕರ ಮೇಳ ಹಾಡಿದುದು. ೧೯೬೪ರ ಡಿಸೆಂಬರಿನಲ್ಲಿ ಬಿಡುಗಡೆಯಾಯಿತು. ಹಾಡು ಮೊದಲಾಗುವಾಗ ಬೇಸೊಂದೇ ಕೇಳಿಸುತ್ತದೆ. ಮರುಕ್ಷಣದಲ್ಲಿ ಗಿಟಾರ್ ಬಂದು ಸೇರುತ್ತದೆ. ಆ ಮೊದಲ ಕ್ಷಣವನ್ನು ಹುಡುಗನು ಇಪ್ಪತ್ತು ಸಲ ಕೇಳಿಸಿರಬೇಕು. ಮೊದಲ ಸಲ ನಮಗೆ ಗುಂಯ್ ಎಂಬುದಷ್ಟೇ ಕೇಳಿಸಿತು. ಹತ್ತನೆಯ ಸಲಕ್ಕೆ, ಆ ದನಿಯಲ್ಲಿ ಲೋಹದ ಕಿಣಿಕಿಣಿಯೇ ಇಲ್ಲವೆಂದು ತಿಳಿಯಿತು. ಹಸಿಮಣ್ಣಿನ ಮೇಲೆ ತೆಂಗಿನಕಾಯಿ ಬಿದ್ದಂತೆ, ಗುಂಡಗೆ, ಮೆತ್ತಗೆ, ಆದರೆ ಗಟ್ಟಿಯಾಗಿ ಹುಟ್ಟಿ ಬೇಗನೆ ಅಡಗುವ ದನಿ ಅದು. “ನಿನ್ನದು ಝೇಂಕರಿಸುತ್ತದೆ, ಇದು ಝೇಂಕರಿಸುವುದಿಲ್ಲ” ಎಂದೆವು. “ಅದೇ ಅಪ್ಪಾ!” ಎಂದು ಅವನು ಎದ್ದು ಅಟ್ಟ ಹತ್ತಿದನು.

ನುಡಿಸಿದವರು ಯಾರೆಂದು ಹುಡುಕಿದೆವು: ಜೇಮ್ಸ್ ಜೇಮರ್ಸನ್. ೧೯೩೬ರಲ್ಲಿ ದಕ್ಷಿಣ ಕೆರೊಲಿನದಲ್ಲಿ ಹುಟ್ಟಿದವರು. ಹದಿಹರೆಯದಲ್ಲಿ ಡೆಟ್ರಾಯಿಟ್ ನಗರಕ್ಕೆ ಬಂದು, ಆಳೆತ್ತರದ ಡಬಲ್ ಬೇಸ್ ಎಂಬ ಮರದ ವಾದ್ಯವನ್ನು ಶಾಲೆಯಲ್ಲಿ ಕಲಿತು, ಆಮೇಲೆ ವಿದ್ಯುದ್ವಾದ್ಯಕ್ಕೆ ತಿರುಗಿದವರು. ಆ ಊರಿನಲ್ಲಿ ಬೆರ್ರಿ ಗಾರ್ಡಿ ಎಂಬವರು ೧೯೫೯ರಲ್ಲಿ ಬೀದಿಯ ಬದಿಯ ಸಾಮಾನ್ಯವಾದ ಮನೆಯೊಂದನ್ನು ಕೊಂಡು, ಹಿಂದೆ ಫೋಟೋ ತೆಗೆಯುತ್ತಿದ್ದ ಜಾಗವನ್ನೇ ಧ್ವನಿಮುದ್ರಣದ ಕೋಣೆಯನ್ನಾಗಿ ಮಾಡಿಕೊಂಡರು. ಅದೇ ಮೋಟೌನ್ ಸಂಸ್ಥೆ. ಆ ಸಂಸ್ಥೆಯು ೧೯೭೨ರಲ್ಲಿ ಲಾಸ್ ಏಂಜಲಿಸ್ಸಿಗೆ ಹೋಗುವವರೆಗೂ ಜೇಮರ್ಸನ್ನರು ಆ ಕೋಣೆಯಲ್ಲಿ ನುಡಿಸಿದ ಹಾಡುಗಳು ಅಪಾರ. ಅಚ್ಚರಿಯೆಂದರೆ, ಬಹುಕಾಲ ಆ ತಟ್ಟೆಗಳ ಮೇಲೆ ಗಾಯಕರ ಹೆಸರುಂಟು, ವಾದಕರ ಹೆಸರಿಲ್ಲ. ೧೯೭೧ರಲ್ಲಿ ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಹೊರಬಂದಾಗ ಹೊದಿಕೆಯ ಮೇಲೆ ವಾದಕರ ಹೆಸರುಗಳು ಅಚ್ಚಾದುವು. ನಮ್ಮ ಆಟದ ಹಸ್ತಪತ್ರಿಕೆಗಳಲ್ಲಿ ಭಾಗವತರ ಕೆಳಗೆ ಚೆಂಡೆ ಮದ್ದಳೆಯವರ ಹೆಸರನ್ನು ಓದಿ ಬೆಳೆದ ನಮಗೆ ಇದು ಬಹಳ ವಿಚಿತ್ರವಾಗಿ ಕಂಡಿತು. ಜೇಮರ್ಸನ್ನರು ೧೯೮೩ರಲ್ಲಿ ೪೭ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ವಾದ್ಯವು ಅದಕ್ಕೆ ಸ್ವಲ್ಪ ಮೊದಲೇ ಕಳವಾಗಿತ್ತು. ಅದು ಸಿಕ್ಕಲೇ ಇಲ್ಲ.

ವಾದ್ಯ ಹೋಯಿತು, ವಿವರಗಳು ಉಳಿದಿವೆ. ಅದು ೧೯೬೨ರ ಪ್ರಿಸಿಶನ್ ಬೇಸ್. ಅದಕ್ಕೆ ಬಿಗಿದಿದ್ದುದು ದಪ್ಪನೆಯ, ಚಪ್ಪಟೆ ಸುತ್ತಿನ ತಂತಿಗಳು. ತುಂಡಾಗದ ಹೊರತು ಅವುಗಳನ್ನು ಅವರು ಬದಲಿಸುತ್ತಿರಲಿಲ್ಲವಂತೆ. ಕುದುರೆಯ ಮೇಲಿನ ಲೋಹದ ಮುಚ್ಚಳದೊಳಗೆ ತಂತಿಗಳಿಗೆ ತಾಗುವಂತೆ ಸ್ಪಂಜಿನ ತುಂಡು. ನುಡಿಸುತ್ತಿದ್ದುದು ಬಲಗೈಯ ತೋರುಬೆರಳೊಂದರಿಂದಲೇ. ಸಂಗಡಿಗರು ಆ ಬೆರಳಿಗೆ ‘ಕೊಕ್ಕೆ’ ಎಂಬ ಅಡ್ಡಹೆಸರಿಟ್ಟಿದ್ದರು. ಧ್ವನಿಮುದ್ರಣದಲ್ಲಿ ಬೇಸಿನ ಮುಂದೆ ಮೈಕನ್ನಿಡದೆ ತಂತಿಯ ದನಿಯನ್ನು ನೇರವಾಗಿ ಮುದ್ರಣಯಂತ್ರಕ್ಕೆ ಹಾಯಿಸುತ್ತಿದ್ದರು. ಇದನ್ನೆಲ್ಲ ಓದಿದ ಹುಡುಗನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದರಲ್ಲಿ ನಾನು ಕೇಳಿದ ಯಂತ್ರವೇ ಇಲ್ಲವಲ್ಲ” ಎಂದನು.

ಸ್ಪಂಜಿನಿಂದ ಆರಂಭಿಸಿದೆವು. ಇಲ್ಲಿ ನಮ್ಮ ಸಂಗೀತದ ಮಾತೊಂದನ್ನು ನೆನೆಯಬೇಕು. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ನೂಲಿನ ಎಳೆಯೊಂದನ್ನು ಸರಿಸಿ ಸರಿಸಿ ನಿಲ್ಲಿಸುತ್ತಾರಷ್ಟೆ. ಅದಕ್ಕೆ ಜೀವವೆಂದು ಹೆಸರು. ನೂಲು ಸರಿಯಾದ ಕಡೆ ನಿಂತೊಡನೆ ಮೂಲಸ್ವರದ ಜತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪಿಸುವ ಮೇಲಿನ ಸ್ವರಗಳೆಲ್ಲ ಎಚ್ಚತ್ತು ಝೇಂಕರಿಸುತ್ತವೆ. ಬೇಸಿನ ಕುದುರೆಯ ಬಳಿಯ ಸ್ಪಂಜು ಮಾಡುವುದು ಇದಕ್ಕೆ ತಿರುಗುಮುರುಗು: ಮೇಲಿನ ಸ್ವರಗಳನ್ನು ಮಲಗಿಸುತ್ತದೆ, ದನಿಯ ಬಾಲವನ್ನು ಕತ್ತರಿಸುತ್ತದೆ.

ಮೊದಲು ಅಡುಗೆಮನೆಯಿಂದ ಪಾತ್ರೆ ತೊಳೆಯುವ ಸ್ಪಂಜನ್ನು ಕದ್ದು ತಂದು ತಂತಿಯಡಿಗೆ ತುರುಕಿದೆವು. ಹಲಗೆಯನ್ನು ತಟ್ಟಿದ ಸದ್ದಾಯಿತು. ಸ್ವರ ಯಾವುದೆಂದೇ ತಿಳಿಯದು. ಹಳೆಯ ಹವಾಯಿ ಚಪ್ಪಲಿಯ ತುಂಡು ಅದಕ್ಕಿಂತಲೂ ಕೆಟ್ಟದ್ದು. ಕೊನೆಗೆ ಮಿಕ್ಸಿಯ ಪೆಟ್ಟಿಗೆಯಲ್ಲಿದ್ದ ಹಗುರವಾದ ಸ್ಪಂಜನ್ನು ಬೆರಳಗಲ ಕತ್ತರಿಸಿ, ತಂತಿಗೆ ತಾಗಿಯೂ ತಾಗದಂತೆ ಇಟ್ಟಾಗ ದನಿ ಗುಂಡಗಾಯಿತು. ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ಒಳಗಿನಿಂದ ಮನೆಯಾಕೆ ಪಾತ್ರೆಯ ಸ್ಪಂಜೆಲ್ಲಿ ಎಂದು ಕೂಗುತ್ತಿದ್ದರು.

ಮುಂದಿನದು ತಂತಿ. ಹುಡುಗನ ತಂತಿಗಳು ದುಂಡು ಸುತ್ತಿನವು. ಅಂದರೆ ಉಕ್ಕಿನ ಎಳೆಯ ಮೇಲೆ ದುಂಡನೆಯ ಸರಿಗೆಯನ್ನು ಸುತ್ತಿದವು. ಕಾಸರಗೋಡಿನ ಮಳೆಗಾಲವು ಅವುಗಳಿಗೆ ಮುಪ್ಪನ್ನು ತಂದು ಝೇಂಕಾರವನ್ನು ಅರ್ಧ ತಗ್ಗಿಸಿತ್ತು. ಆದರೂ ಬೆರಳು ಜಾರಿದಾಗಲೆಲ್ಲ ಕಿರ್ರೆನ್ನುತ್ತಿದ್ದುವು. ಚಪ್ಪಟೆ ಸುತ್ತಿನ ತಂತಿಗೆ ಪಟ್ಟಿಯಂತಹ ಸರಿಗೆ, ಮುಟ್ಟಿದರೆ ನುಣುಪು. ಅದರ ಬೆಲೆ ೪,೦೦೦ಕ್ಕೂ ಮೇಲೆ. ಈ ಸಲ ನಾವೇ ಹಣ ತೆಗೆದುಕೊಟ್ಟೆವು. ಹುಡುಗನು ಎರಡು ಸಲ, “ನಿಜವಾಗಿಯೂ ಅಪ್ಪಾ?” ಎಂದು ಕೇಳಿದನು. ಅವನು ಹಾಗೆ ಕೇಳಬೇಕಾಗಿ ಬಂದುದು ನಮಗೆ ಸಂತೋಷದ ವಿಷಯವಾಗಿರಲಿಲ್ಲ.

ಬೆರಳಿನ ವಿಷಯದಲ್ಲಿ ಹಣದಿಂದ ಆಗುವುದೇನೂ ಇರಲಿಲ್ಲ. ಅವನು ಎರಡು ಬೆರಳುಗಳಿಂದ ಒಂದಾದ ಮೇಲೊಂದರಂತೆ ಮಿಡಿಯುತ್ತಿದ್ದನು. ಎರಡು ಬೆರಳುಗಳ ತೂಕ ಎಂದೂ ಸಮವಲ್ಲ. ಒಂದೇ ಬೆರಳಾದಾಗ ಪ್ರತಿಯೊಂದು ಸ್ವರಕ್ಕೂ ಒಂದೇ ತೂಕ ಬಂದಿತು. ವಾರದಲ್ಲಿ ಬೆರಳು ಬೊಬ್ಬೆಯಾಯಿತು. ನಮ್ಮ ಮದ್ದಳೆಯ ಗುರುಗಳು ಹೇಳುತ್ತಿದ್ದಂತೆ ತೆಂಗಿನೆಣ್ಣೆ ಹಚ್ಚಿ ಮೂರು ದಿನ ಬಿಡು ಎಂದೆವು; ಎರಡನೆಯ ದಿನವೇ ನುಡಿಸುತ್ತಿದ್ದನು.

ಇನ್ನು ಧ್ವನಿಮುದ್ರಣ. ಮೊದಲು ಬೇಸಿನ ತಂತುವನ್ನು ಕಂಪ್ಯೂಟರಿನ ಮೈಕಿನ ರಂಧ್ರಕ್ಕೆ ಚುಚ್ಚಿದನು. ದನಿ ಬಡಕಲಾಗಿ, ಕಂಬಳಿಯೊಳಗಿಂದ ಬಂದಂತಿತ್ತು. ಆ ತಾಮ್ರದ ಸುರುಳಿಯಿಂದ ಬರುವ ವಿದ್ಯುತ್ತು ತೀರ ಮೃದುವಾದುದು. ಎದುರಿನ ಯಂತ್ರವು ಅದನ್ನು ಹೆಚ್ಚು ಎಳೆದುಕೊಂಡರೆ ಮೇಲಿನ ಸ್ವರಗಳು ಸೊರಗಿಹೋಗುತ್ತವೆ. ಆದುದರಿಂದ ಸುಮಾರು ಹತ್ತು ಲಕ್ಷ ಓಮ್‌ಗಳ ತಡೆಯುಳ್ಳ, ಗಿಟಾರಿಗೆಂದೇ ಇರುವ ರಂಧ್ರದ ಆಡಿಯೋ ಇಂಟರ್‌ಫೇಸ್ ಬೇಕು. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ತನ್ನದನ್ನು ಎರವಲು ಕೊಟ್ಟನು. ಅದರಲ್ಲಿ ಮುದ್ರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ ಕೇಳಿದಾಗ ಗೆದ್ದೆವೆಂದೇ ತಿಳಿದೆವು. ಅದನ್ನೇ ಮೊಬೈಲಿನಲ್ಲಿ ಹಾಕಿ ಅಜ್ಜಿಗೆ ಕೇಳಿಸಿದಾಗ ಅಜ್ಜಿ, “ಎಲ್ಲಿ ಮಗು, ಏನೂ ಇಲ್ಲವಲ್ಲ?” ಎಂದರು. ನಿಜವಾಗಿಯೂ ಏನೂ ಕೇಳಿಸುತ್ತಿರಲಿಲ್ಲ! ಮೂಲದ ಹಾಡನ್ನು ಅದೇ ಮೊಬೈಲಿನಲ್ಲಿ ಹಾಕಿದರೆ ಬೇಸು ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಇದು ನಮ್ಮನ್ನು ಎರಡು ದಿನ ಕಾಡಿತು. ಶಾಲೆಯ ಭೌತಶಾಸ್ತ್ರದ ಮಾಸ್ತರರು ಬಿಡಿಸಿ ಹೇಳಿದರು. ಮೊಬೈಲಿನ ಪುಟ್ಟ ಸ್ಪೀಕರು ಅಷ್ಟು ತಗ್ಗಿನ ಸ್ವರವನ್ನು ಹೊರಡಿಸಲಾರದು. ಅದು ಹೊರಡಿಸುವುದು ಮೇಲಿನ ಸ್ವರಗಳನ್ನು ಮಾತ್ರ. ಅವುಗಳ ನಡುವಣ ಅಂತರದಿಂದ ನಮ್ಮ ಕಿವಿಯೇ ಇಲ್ಲದ ಮೂಲಸ್ವರವನ್ನು ಊಹಿಸಿಕೊಳ್ಳುತ್ತದೆ. ಝೇಂಕಾರವನ್ನು ಕೊಲ್ಲುವ ಭರದಲ್ಲಿ ನಾವು ಆ ಮೇಲಿನ ಸ್ವರಗಳನ್ನು ಪೂರ್ತಿ ಕೊಂದಿದ್ದೆವು. ಮೋಟೌನಿನವರಾದರೋ ತಮ್ಮ ಹಾಡುಗಳನ್ನು ಕಾರಿನ ರೇಡಿಯೋದ ಸಣ್ಣ ಸ್ಪೀಕರಿನಲ್ಲಿಯೂ ಕೇಳಿ ನೋಡಿ ಹೊರಗೆ ಬಿಡುತ್ತಿದ್ದರು. ಸ್ಪಂಜಿನಲ್ಲಿ ಅರ್ಧವನ್ನು ಕತ್ತರಿಸಿ ತೆಗೆದೆವು. ವಾದ್ಯದಲ್ಲಿ ಮೇಲಿನ ಸ್ವರಗಳನ್ನು ತಗ್ಗಿಸುವ ಗುಂಡಿಯೊಂದಿದೆ. ಹುಡುಗನು ಅದನ್ನು ಪೂರ್ತಿ ಮುಚ್ಚಿಟ್ಟಿದ್ದನು. ಅದನ್ನು ಪೂರ್ತಿ ತೆರೆದೆವು. ಆ ಕಾಲದ ನಿರ್ವಾತ ನಳಿಗೆಯ ಯಂತ್ರಗಳೂ ಟೇಪುಗಳೂ ತುಸು ಹೆಚ್ಚು ಗಟ್ಟಿಯಾದ ದನಿಯನ್ನು ಕೊಟ್ಟರೆ ಅದಕ್ಕೆ ಸ್ವಲ್ಪ ಒರಟನ್ನು ಸೇರಿಸುತ್ತಿದ್ದುವು. ಕಂಪ್ಯೂಟರಿನಲ್ಲಿ ಹಣ ಕೊಡದೆ ಸಿಗುವ ಸಾಧನವೊಂದರಿಂದ ಆ ಒರಟನ್ನು ಉಪ್ಪಿನಷ್ಟು ಸೇರಿಸಿದನು. ಪುನಃ ಮುದ್ರಿಸಿ ಅಜ್ಜಿಯ ಬಳಿಗೆ ಹೋದೆವು. ಅಜ್ಜಿ ಕೇಳಿ, “ಈಗ ಯಾರೋ ಬಂದರು” ಎಂದರು.

ಪೂರ್ತಿ ಬಂದಿತೆ ಎಂದು ತಾವು ಕೇಳಬಹುದು. ಪೂರ್ತಿ ಬಂದಿಲ್ಲ. ಬೇಸನ್ನು ಒಂಟಿಯಾಗಿ ಕೇಳಿದರೆ ವ್ಯತ್ಯಾಸ ತಿಳಿಯುತ್ತದೆ. ಹಾಡಿನ ಜತೆಗೆ ಕೇಳಿದರೆ ನಮಗೆ ತಿಳಿಯುವುದಿಲ್ಲ, ಹುಡುಗನಿಗೆ ತಿಳಿಯುತ್ತದೆ. ಸ್ವರ ನಿಲ್ಲುವ ಗಳಿಗೆಯಲ್ಲಿ ಜೇಮರ್ಸನ್ನರ ದನಿ ತಾನಾಗಿ ಅಡಗುತ್ತದೆ, ತನ್ನದನ್ನು ತಾನು ಕೈಯಿಂದ ಅಡಗಿಸಬೇಕಾಗುತ್ತದೆ ಎನ್ನುತ್ತಾನೆ. ಈಗ ಅದರ ಬೆನ್ನು ಹತ್ತಿದ್ದಾನೆ. ಪರೀಕ್ಷೆಗೂ ಓದುತ್ತಿದ್ದಾನೆ, ನಾವು ಆ ಮಾತನ್ನು ಎತ್ತುವುದಿಲ್ಲ. ಕಳೆದ ತಿಂಗಳು ಅವನು ನಮ್ಮನ್ನು ಕರೆದು ಮದ್ದಳೆಯಲ್ಲಿ ತಾಳ ಹಿಡಿಯಬಾರದೆ ಎಂದನು. ಮೂವತ್ತು ವರುಷಗಳ ಮೇಲೆ ಕೈ ಏಳುವುದಿಲ್ಲವೆಂದು ಬಿಟ್ಟೆವು. ಪಕ್ಕದ ಮನೆಯವರಿಂದ ಮದ್ದಳೆಯೊಂದನ್ನು ಆಗಲೇ ಕೇಳಿ ತಂದಿಟ್ಟಿದ್ದಾನೆಂಬುದು ನಿನ್ನೆ ತಿಳಿಯಿತು.

ನಮ್ಮ ಮಾತು ಇಲ್ಲಿಗೆ ಸಾಕು. ಚಿರಂಜೀವಿಯು ವಾದ್ಯವನ್ನು ತಂದಿದ್ದಾನೆ. ಮೊದಲು ಸ್ಪಂಜನ್ನು ತೆಗೆದು, ಆಮೇಲೆ ಸ್ಪಂಜನ್ನಿಟ್ಟು, ಅದೇ ನಾಲ್ಕು ಸ್ವರಗಳನ್ನು ನುಡಿಸುತ್ತಾನೆ. ದಯವಿಟ್ಟು ಎರಡು ನಿಮಿಷ ಸಭಾಂಗಣದ ಫ್ಯಾನುಗಳನ್ನು ನಿಲ್ಲಿಸಬೇಕೆಂದು ಕಾರ್ಯಕರ್ತರಲ್ಲಿ ಕೋರಿಕೆ.