ನಿಂತ ಪ್ರೊಪೆಲರ್, ಉಳಿದ ಎತ್ತರ



ನನ್ನ ಮನೆ ಕಪನೂರಿನಲ್ಲಿ. 2019ರಲ್ಲಿ ಕಲಬುರಗಿಗೆ ವಿಮಾನ ನಿಲ್ದಾಣ ಬಂದ ಮೇಲೆ, ಅಂಗಳದಲ್ಲಿ ಕುಳಿತವನಿಗೂ ಆಕಾಶದ ಸದ್ದು ಪರಿಚಿತವಾಯಿತು. ಒಂದು ಸಂಜೆ ಪುಟ್ಟ ವಿಮಾನವೊಂದು ಹಾದುಹೋಗುತ್ತಿದ್ದಾಗ ಮೊಮ್ಮಗ ಕೇಳಿದ: “ಮುತ್ಯಾ, ಅದರ ಪಂಖಾ ಮ್ಯಾಲೇ ನಿಂತ್ರ ಹ್ಯಾಂಗ?” ಕನ್ನಡ ಪಾಠ ಹೇಳಿ ನಿವೃತ್ತನಾದ ನನಗೆ ಉತ್ತರ ಹೊಳೆಯಲಿಲ್ಲ. ಬಳಿಕ ಓದಿ ತಿಳಿದುದನ್ನು ತಮ್ಮ ಮುಂದಿಡುತ್ತಿದ್ದೇನೆ.

ಎಂಜಿನ್ ನಿಂತೊಡನೆ ವಿಮಾನ ಕಲ್ಲಿನಂತೆ ಬೀಳುವುದಿಲ್ಲ. ರೆಕ್ಕೆಗಳ ಆಧಾರದಿಂದ ತೇಲುತ್ತ ಇಳಿಯುತ್ತದೆ. ಆದರೆ ಶಕ್ತಿಯಿಲ್ಲದ ಪ್ರೊಪೆಲರಿನ ಅಲಗುಗಳು ಗಾಳಿಗೆ ಎದೆಯೊಡ್ಡಿದರೆ ಅವೇ ವಿಮಾನಕ್ಕೆ ತಡೆಯಾಗುತ್ತವೆ. ಆದ್ದರಿಂದ ಅನೇಕ ವಿಮಾನಗಳಲ್ಲಿ ಅಲಗಿನ ಅಂಚು ಗಾಳಿಯನ್ನು ಸೀಳುವಂತೆ ಅದನ್ನು ಹೊರಳಿಸಿಡುವ ಏರ್ಪಾಡುಂಟು. ಎಂಜಿನ್ನನ್ನು ಮರಳಿ ಹೊತ್ತಿಸುವಾಗ ಯಾವ ಕೆಲಸ ಮೊದಲು, ಯಾವುದು ಅನಂತರ ಎಂಬ ಕ್ರಮವೇ ಜೀವಾಳ. ಕ್ರಮ ತಪ್ಪಿದರೆ ಎತ್ತರ ಕರಗುತ್ತದೆ. ಎತ್ತರವೆಂದರೆ ಅಲ್ಲಿ ಕಾಲಾವಕಾಶವೇ.

ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ರೂಪಿಸಿದ ‘ಸರಸ್’ ಎರಡು ಎಂಜಿನ್ನುಗಳ ವಿಮಾನ. ಅದರ ಪ್ರೊಪೆಲರುಗಳು ಎಂಜಿನ್ನಿನ ಹಿಂದಿದ್ದು ವಿಮಾನವನ್ನು ಮುಂದಕ್ಕೆ ನೂಕುತ್ತವೆ. 2009ರ ಮಾರ್ಚ್ 6ರಂದು ಅದರ ಎರಡನೆಯ ಮಾದರಿ, ಒಂದು ಎಂಜಿನ್ನನ್ನು ಆಕಾಶದಲ್ಲಿ ಬೇಕೆಂದೇ ನಿಲ್ಲಿಸಿ ಮರಳಿ ಹೊತ್ತಿಸುವ ಪರೀಕ್ಷೆಗೆ ಹಾರಿತು. ಬಿಡದಿಯ ಬಳಿ ನೆಲಕ್ಕೆ ಅಪ್ಪಳಿಸಿತು. ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಶಾ, ಸ್ಕ್ವಾಡ್ರನ್ ಲೀಡರ್ ಇಳಯರಾಜ ಮೂವರೂ ಮಡಿದರು.

ತನಿಖೆಯ ವರದಿ ಹೇಳಿದ್ದು ಇಷ್ಟು: ಮರಳಿ ಹೊತ್ತಿಸಲು ಬರೆದುಕೊಟ್ಟ ಕ್ರಮವೇ ತಪ್ಪಾಗಿತ್ತು, ಅದನ್ನು ರೂಪಿಸುವಾಗ ಪ್ರೊಪೆಲರ್ ತಯಾರಿಸಿದವರನ್ನು ವಿಚಾರಿಸಿರಲಿಲ್ಲ, ಎತ್ತರವೂ ಸಾಲದಾಗಿತ್ತು, ಮೊದಲ ಯತ್ನ ಕೈಗೂಡದಿದ್ದಾಗ ಪರೀಕ್ಷೆಯನ್ನು ಅಲ್ಲಿಗೇ ಕೈಬಿಡಲಿಲ್ಲ.

ಇದನ್ನು ಓದಿದಾಗ ನನ್ನ ತರಗತಿ ನೆನಪಾಯಿತು. ಮೂಲ ಓಲೆಯನ್ನು ನೋಡದೆ ಪಾಠವನ್ನು ತಿದ್ದಬೇಡಿರೆಂದು ವಿದ್ಯಾರ್ಥಿಗಳಿಗೆ ವರ್ಷಗಟ್ಟಲೆ ಹೇಳಿದವನು ನಾನು. ನಮ್ಮಲ್ಲಿ ತಪ್ಪಿದರೆ ಒಂದು ಪದ್ಯ ಕೆಡುತ್ತದೆ, ಮರುಮುದ್ರಣದಲ್ಲಿ ಸರಿಪಡಿಸಬಹುದು. ಅಲ್ಲಿ ಮರುಮುದ್ರಣವಿಲ್ಲ. ಬರೆದುಕೊಟ್ಟವನ ಒಂದು ಸಾಲನ್ನು ನಂಬಿ ಇನ್ನೊಬ್ಬನು ಆಕಾಶಕ್ಕೆ ಏರುತ್ತಾನೆ. ಕೇಳಿ ತಿಳಿಯುವುದು ವಿದ್ವಾಂಸನಿಗೆ ಕೇವಲ ವಿನಯವಲ್ಲ, ಅದು ಕರ್ತವ್ಯ.

2018ರ ಜನವರಿ 24ರಂದು, ಮಾರ್ಪಡಿಸಿದ ಸರಸ್ ಬೆಂಗಳೂರಿನಲ್ಲಿ ಮತ್ತೆ ಹಾರಿತು. ಕಲಿತ ಪಾಠದ ಬೆಲೆಯನ್ನು ಮಾತ್ರ ನಾವು ಮರೆಯಬಾರದು.

ಮೊಮ್ಮಗನಿಗೆ ನಾನು ಹೇಳಿದೆ: “ನಿಂತದ್ದನ್ನ ಮತ್ತ ತಿರುಗಿಸಬಹುದಪ್ಪಾ. ಆದರ ಎತ್ತರ ಉಳಿದಿರಬೇಕು. ಏರೋಕ್ಕಿಂತ ಮೊದಲ ತಿಳಿದವರನ್ನ ಕೇಳಿರಬೇಕು.”