ಹಾಲಿನ ಕ್ಯಾನು, ಸೈಕಲ್ ಕ್ಯಾರಿಯರ್ ಮತ್ತು ಥ್ರೆಡ್ಡು ಹೋದ ಬೋಲ್ಟು

(ಹಾಲು ಉತ್ಪಾದಕ ಸದಸ್ಯರ ತರಬೇತಿ ಶಿಬಿರದಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಯವರು ಮಾಡಿದ ಭಾಷಣ)



ಪಶುವೈದ್ಯರು ಬಂದಿದ್ದಾರೆ ಎಂದರೆ ಕೆಚ್ಚಲು ಬಾವು, ಕಾಲುಬಾಯಿ ಲಸಿಕೆ, ಖನಿಜ ಮಿಶ್ರಣ ಇಷ್ಟರ ಬಗ್ಗೆಯೇ ಮಾತಾಡುತ್ತಾರೆ ಎಂದು ತಾವು ಕುಳಿತಿದ್ದೀರಿ. ಆ ಮಾತು ಮಧ್ಯಾಹ್ನದ ಊಟದ ನಂತರ ಇದೆ. ಈಗ ನಾನು ಮಾತಾಡಬೇಕೆಂದಿರುವುದು ಸೈಕಲ್ಲಿನ ನಟ್ಟು ಬೋಲ್ಟಿನ ಬಗ್ಗೆ. ನಗಬೇಡಿ. ಹಸುವಿಗೆ ಮೇವು ಹಾಕಿ, ಕೊಟ್ಟಿಗೆ ತೊಳೆದು, ಕೆಚ್ಚಲು ಒರೆಸಿ, ಶುದ್ಧವಾಗಿ ಕರೆದ ಹಾಲು ಡೇರಿಯ ಅಳತೆಗೆ ಬೀಳುವ ತನಕ ನಿಮ್ಮದಲ್ಲ. ಮನೆಗೂ ಸಂಘಕ್ಕೂ ನಡುವೆ ಇರುವ ಒಂದೆರಡು ಕಿಲೋಮೀಟರ್ ದಾರಿಯಲ್ಲಿ ಅದನ್ನು ಕಾಯುವುದು ಬೆರಳುಗಾತ್ರಕ್ಕಿಂತ ಚಿಕ್ಕದಾದ ನಾಲ್ಕಾರು ಬೋಲ್ಟುಗಳು.

ಬಹಳ ಜನ ಈಗ ಮೊಪೆಡ್, ಬೈಕು ಇಟ್ಟಿದ್ದೀರಿ, ನಿಜ. ಆದರೂ ತೋಟದ ಮನೆಗಳಿಂದ ಹಾಲು ತರುವವರು, ಹೆಣ್ಣುಮಕ್ಕಳು, ಶಾಲೆಗೆ ಹೋಗುವ ಮುಂಚೆ ಹಾಲು ಹಾಕಿ ಬರುವ ಹುಡುಗರು ಸೈಕಲ್ಲನ್ನೇ ನಂಬಿದ್ದಾರೆ. 2006-07ರಲ್ಲಿ ನಮ್ಮ ಸರ್ಕಾರ 8ನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿದ ಮೇಲೆ ಸೈಕಲ್ ಇಲ್ಲದ ಮನೆಗಳಿಗೂ ಸೈಕಲ್ ಬಂತು. ಮಕ್ಕಳು ಓದು ಮುಗಿಸಿದರು, ಸೈಕಲ್ಲು ಹಾಲಿಗೆ ಉಳಿಯಿತು. ಪುಸ್ತಕದ ಚೀಲಕ್ಕೆಂದು ಇದ್ದ ಕ್ಯಾರಿಯರ್ ಮೇಲೆ ಈಗ ಕ್ಯಾನು ಕೂತಿದೆ. ಇಲ್ಲವೇ ಅದನ್ನು ಬಿಚ್ಚಿ ಗಟ್ಟಿ ಕ್ಯಾರಿಯರ್ ಕೂರಿಸಿದ್ದೀರಿ. ಹಾಗೆ ಬಿಚ್ಚಿ ಕೂರಿಸುವಾಗಲೇ ಥ್ರೆಡ್ಡು ಹಾಳಾಗುವುದು.

ಭಾರದ ಲೆಕ್ಕ ನೋಡೋಣ. ಒಂದು ಲೀಟರ್ ಹಾಲು ಸುಮಾರು 1.03 ಕೆ.ಜಿ. ತೂಗುತ್ತದೆ. 15 ಲೀಟರ್ ಎಂದರೆ ಹದಿನೈದೂವರೆ ಕೆ.ಜಿ., ಅದರ ಮೇಲೆ ಕ್ಯಾನಿನ ತೂಕ. ಈಗಿನ ಹಲವು ಕ್ಯಾರಿಯರ್‌ಗಳ ಮೇಲೆ 25 ಕೆ.ಜಿ. ಎಂದು ಅಚ್ಚು ಹಾಕಿರುತ್ತಾರೆ. ಹಾಗಾದರೆ ಭಾರ ಮಿತಿಯೊಳಗೇ ಇದೆಯಲ್ಲ, ಮತ್ತೇಕೆ ಕಳಚುತ್ತದೆ? ಇಲ್ಲೇ ಗುಟ್ಟು ಇರುವುದು. ಬಿಗಿಯಾದ ಬೋಲ್ಟು ಎರಡು ಕಬ್ಬಿಣಗಳನ್ನು ಒಂದಕ್ಕೊಂದು ಒತ್ತಿ ಹಿಡಿದಿರುತ್ತದೆ, ಆ ಒತ್ತಡವೇ ಭಾರ ಹೊರುತ್ತದೆ. ಬೋಲ್ಟು ಕೂದಲೆಳೆಯಷ್ಟು ಸಡಿಲವಾಯಿತೆಂದರೆ ಒತ್ತಡ ಹೋಯಿತು. ಆಮೇಲೆ ಪ್ರತಿ ಗುಂಡಿಗೂ ಕ್ಯಾರಿಯರಿನ ಕಾಲು ಬೋಲ್ಟನ್ನು ಸುತ್ತಿಗೆಯಂತೆ ಬಡಿಯುತ್ತದೆ. ಒಳಗಿನ ಸುರುಳಿ ಗೀರು, ಅದನ್ನೇ ಥ್ರೆಡ್ಡು ಎನ್ನುವುದು, ಪುಡಿಪುಡಿಯಾಗಿ ಉದುರುತ್ತದೆ. ಕೆಡಿಸುವುದು ಸಡಿಲ, ಬೈಗುಳ ಮಾತ್ರ ಭಾರಕ್ಕೆ.

ಥ್ರೆಡ್ಡು ಹೋಯಿತು ಎಂದ ತಕ್ಷಣ ನಮ್ಮವರು ಮಾಡುವ ಮೊದಲ ಚಿಕಿತ್ಸೆ ಬೈಂಡಿಂಗ್ ತಂತಿ. ಒಂದು ಸಂಘದಲ್ಲಿ ಹೀಗೆ ತಂತಿ ಕಟ್ಟಿದ ಕ್ಯಾರಿಯರ್ ಇಳಿಜಾರಿನಲ್ಲಿ ಒಂದು ಕಡೆಗೆ ವಾಲಿ, ಅದರ ಕಾಲು ಚಕ್ರದ ಕಡ್ಡಿಗಳೊಳಗೆ ನುಗ್ಗಿತು. ಚಕ್ರ ಕಚ್ಚಿಕೊಂಡಿತು. ಹನ್ನೆರಡು ಲೀಟರ್ ಹಾಲು ರಸ್ತೆಗೆ, ಸೈಕಲ್ ತುಳಿಯುತ್ತಿದ್ದ ಹುಡುಗನ ಮುಂಗೈ ಮೂಳೆ ಎರಡು ತುಂಡು. ಹಾಲು ಸಂಜೆಗೆ ಮತ್ತೆ ಬರುತ್ತದೆ. ಪರೀಕ್ಷೆ ಬರೆಯಬೇಕಿದ್ದ ಹುಡುಗ ಒಂದೂವರೆ ತಿಂಗಳು ಪ್ಲಾಸ್ಟರ್ ಹಾಕಿಕೊಂಡು ಕೂತ. ತಂತಿ ಎಷ್ಟೇ ಬಿಗಿದರೂ ಹಿಗ್ಗುತ್ತದೆ. ಡೇರಿಯಿಂದ ಮನೆ ಮುಟ್ಟಲು ಒಂದು ದಿನದ ಮಟ್ಟಿಗೆ ಕಟ್ಟಿಕೊಳ್ಳಿ, ಅದಕ್ಕಿಂತ ಹೆಚ್ಚು ಬೇಡ.

ಬೀಳದೆ ಬರೀ ಅಲ್ಲಾಡಿದರೂ ನಷ್ಟವಿದೆ. ಬೇಸಿಗೆಯಲ್ಲಿ ಮಜ್ಜಿಗೆ ಕಡೆಯುವಾಗ ಬೆಣ್ಣೆ ಬರದಿದ್ದರೆ ತಣ್ಣೀರು ಹಾಕಬೇಕೆಂದು ತಾಯಂದಿರಿಗೆ ಗೊತ್ತು. ಆಗ ತಾನೇ ಕರೆದ ಬಿಸಿ ಹಾಲಿನಲ್ಲಿ ಕೊಬ್ಬು ಕರಗಿದ ಸ್ಥಿತಿಯಲ್ಲಿರುತ್ತದೆ, ಕುಲುಕಿದರೂ ಬೆಣ್ಣೆ ಕಟ್ಟುವುದಿಲ್ಲ. ತಣ್ಣಗಾದ ಹಾಲು, ಅದರಲ್ಲೂ ಅರ್ಧ ತುಂಬಿದ ಕ್ಯಾನಿನಲ್ಲಿ, ಗಡಗಡ ಅಲ್ಲಾಡುವ ಕ್ಯಾರಿಯರ್ ಮೇಲೆ ಬಂದರೆ ಬೆಣ್ಣೆಯ ಕಾಳು ಕಟ್ಟಿ ಮುಚ್ಚಳಕ್ಕೆ, ಕ್ಯಾನಿನ ಗೋಡೆಗೆ ಅಂಟುತ್ತದೆ. ಅಂಟಿದ ಕೊಬ್ಬು ಪರೀಕ್ಷೆಯ ಮಾದರಿಗೆ ಬರುವುದಿಲ್ಲ. ಫ್ಯಾಟ್ ಕಡಿಮೆ ಬಂತು ಎಂದು ಕಾರ್ಯದರ್ಶಿಗಳ ಜೊತೆ ಜಗಳ. ಫ್ಯಾಟ್ ಇಳಿಯಲು ಮೇವು, ತಳಿ, ಕರೆಯುವ ರೀತಿ ಇತ್ಯಾದಿ ದೊಡ್ಡ ಕಾರಣಗಳು ಬೇರೆ ಇವೆ, ಎಲ್ಲವನ್ನೂ ಕ್ಯಾರಿಯರ್ ತಲೆಗೆ ಕಟ್ಟಬೇಡಿ. ಆದರೆ ಮುಚ್ಚಳದ ಒಳಗೆ ಬೆಣ್ಣೆ ಕಂಡರೆ ಒಮ್ಮೆ ಬೋಲ್ಟು ಮುಟ್ಟಿ ನೋಡಿ. ಸಂಜೆಯ ಹಾಲನ್ನು ಸಂಜೆಯೇ ಹಾಕಿ ಎಂದು ನಾವು ಹೇಳುವುದಕ್ಕೆ ಇದೂ ಒಂದು ಕಾರಣ.

ಇನ್ನು ರಿಪೇರಿಗೆ ಬರೋಣ. ಹಸು ಮೇವು ಬಿಟ್ಟಿದೆ ಎಂದ ಕೂಡಲೇ ನಾವು ಇಂಜೆಕ್ಷನ್ ಹಾಕುವುದಿಲ್ಲ, ಮೊದಲು ಏನಾಗಿದೆ ಎಂದು ನೋಡುತ್ತೇವೆ. ಹಾಗೆಯೇ ಇಲ್ಲಿ. ಬೋಲ್ಟು ಬಿಚ್ಚಿ, ಒರೆಸಿ, ಬೆಳಕಿಗೆ ಹಿಡಿಯಿರಿ. ಹಾಳಾಗಿರುವುದು ಬೋಲ್ಟೋ, ನಟ್ಟೋ, ಸೈಕಲ್ ಚೌಕಟ್ಟಿನಲ್ಲೇ ಇರುವ ತೂತೋ? ಬೋಲ್ಟು ನಟ್ಟು ಎರಡೂ ಬಿಡಿಯಾಗಿದ್ದರೆ ಯೋಚನೆಯೇ ಬೇಡ, ಎರಡನ್ನೂ ಎಸೆದು ಹೊಸ ಜೋಡಿ ಹಾಕಿ. ಒಂದನ್ನು ಮಾತ್ರ ಬದಲಿಸಿದರೆ ಹಳೆಯದು ಹೊಸದನ್ನೂ ಕೆಡಿಸುತ್ತದೆ. ಟೀ ಕುಡಿಯುವ ದುಡ್ಡಿನ ವಿಷಯಕ್ಕೆ ಚೌಕಾಸಿ ಬೇಡ.

ತೂತಿನ ಥ್ರೆಡ್ಡು ಕೆಡುವುದಕ್ಕೆ ಮುಖ್ಯ ಕಾರಣ ಬೋಲ್ಟನ್ನು ಓರೆಯಾಗಿ ಹಿಡಿದು ಮೊದಲ ಸುತ್ತಿಗೇ ಸ್ಪ್ಯಾನರ್ ಹಾಕುವುದು. ಹೊಸ ಸೈಕಲ್ಲಿನ ತೂತಿನಲ್ಲಿ ಬಣ್ಣ ತುಂಬಿಕೊಂಡಿರುತ್ತದೆ, ಕ್ಯಾರಿಯರಿನ ಕಾಲು ತೂತಿಗೆ ಸರಿಯಾಗಿ ಎದುರು ಬರುವುದಿಲ್ಲ, ನಾವು ಎಳೆದು ಹಿಡಿದು ತಿರುಗಿಸುತ್ತೇವೆ. ಇದಕ್ಕೊಂದು ಸುಲಭ ಉಪಾಯವಿದೆ. ಬೋಲ್ಟನ್ನು ತೂತಿಗೆ ಇಟ್ಟು ಮೊದಲು ಬಿಚ್ಚುವ ಕಡೆಗೆ, ಅಂದರೆ ಎಡಕ್ಕೆ, ಬೆರಳಿನಿಂದ ನಿಧಾನವಾಗಿ ತಿರುಗಿಸಿ. ಒಂದು ಕಡೆ 'ಟಕ್' ಎಂದು ಬೋಲ್ಟು ಸ್ವಲ್ಪ ಕೆಳಗಿಳಿದಂತೆ ಕೈಗೆ ತಿಳಿಯುತ್ತದೆ. ಥ್ರೆಡ್ಡಿನ ಬಾಯಿ ಅಲ್ಲಿದೆ. ಅಲ್ಲಿಂದ ಬಲಕ್ಕೆ ತಿರುಗಿಸಿ. ಕನಿಷ್ಠ ಐದು ಸುತ್ತು ಬೆರಳಿನಲ್ಲೇ ಹೋಗಬೇಕು. ಹೋಗದಿದ್ದರೆ ಬಿಚ್ಚಿ ಮತ್ತೆ ಶುರು ಮಾಡಿ. ಕ್ಯಾರಿಯರಿನ ಎಲ್ಲ ಬೋಲ್ಟುಗಳನ್ನೂ ಹೀಗೆ ಬೆರಳಲ್ಲಿ ಕೂರಿಸಿಕೊಂಡು, ಕೊನೆಯಲ್ಲಿ ಒಂದೊಂದಾಗಿ ಬಿಗಿಯಿರಿ. ಒಂದು ಕಾಲನ್ನು ಪೂರ್ತಿ ಬಿಗಿದುಬಿಟ್ಟರೆ ಇನ್ನೊಂದು ಕಾಲು ತೂತಿಗೆ ಬರುವುದಿಲ್ಲ.

ಎರಡನೆಯ ಕಾರಣ ಇಂಚು ಮತ್ತು ಮಿಲಿಮೀಟರಿನ ಜಗಳ. 1841ರಲ್ಲಿ ಜೋಸೆಫ್ ವಿಟ್ವರ್ತ್ ಎಂಬ ಇಂಗ್ಲೆಂಡಿನ ಇಂಜಿನಿಯರ್ ಬೋಲ್ಟುಗಳಿಗೆ ಒಂದೇ ಅಳತೆ ಇರಲಿ ಎಂದು ಇಂಚಿನ ಪದ್ಧತಿ ಹಾಕಿಕೊಟ್ಟರು. ಮಿಲಿಮೀಟರಿನದು ಬೇರೆ ಪದ್ಧತಿ. ನಮ್ಮ ಮನೆಯ ಡಬ್ಬಿಯಲ್ಲಿ ಎರಡೂ ಕಲಸಿಹೋಗಿವೆ. 5/16 ಇಂಚಿನ ಬೋಲ್ಟು 7.94 ಮಿ.ಮೀ. ದಪ್ಪ, ಕಣ್ಣಿಗೆ 8 ಮಿ.ಮೀ. ಬೋಲ್ಟಿನಂತೆಯೇ ಕಾಣುತ್ತದೆ. ಆದರೆ ಮೊದಲನೆಯದರಲ್ಲಿ ಒಂದು ಇಂಚಿಗೆ 18 ಸುತ್ತು, ಎರಡನೆಯದರಲ್ಲಿ ಸುಮಾರು 20. ಒಂದರ ನಟ್ಟು ಇನ್ನೊಂದಕ್ಕೆ ಎರಡು ಸುತ್ತು ಹೋಗಿ ನಿಲ್ಲುತ್ತದೆ. ತುಕ್ಕಿರಬೇಕು ಎಂದುಕೊಂಡು ಸ್ಪ್ಯಾನರ್ ಹಾಕಿದರೆ ಎರಡೂ ಹೋದವು. ಅಂಗಡಿಗೆ ಹೋಗುವಾಗ ಹಳೆಯ ಬೋಲ್ಟನ್ನು ಕಿಸೆಯಲ್ಲಿಟ್ಟುಕೊಂಡು ಹೋಗಿ. ಎರಡು ಬೋಲ್ಟುಗಳ ಥ್ರೆಡ್ಡನ್ನು ಒಂದಕ್ಕೊಂದು ಒತ್ತಿ ಬೆಳಕಿಗೆ ಹಿಡಿದರೆ, ಜಾತಿ ಒಂದೇ ಆಗಿದ್ದರೆ ನಡುವೆ ಬೆಳಕು ಕಾಣುವುದಿಲ್ಲ.

ತೂತಿನಲ್ಲಿ ಬಣ್ಣ, ತುಕ್ಕು ಅಥವಾ ಮೊದಲ ಒಂದೆರಡು ಸುತ್ತು ಮಾತ್ರ ನಲುಗಿದ್ದರೆ ಮನೆಯಲ್ಲೇ ಸರಿ ಮಾಡಬಹುದು. ಅದೇ ಅಳತೆಯ ಒಂದು ಹೊಸ ಗಟ್ಟಿ ಬೋಲ್ಟು ತೆಗೆದುಕೊಂಡು, ಗರಗಸ ಹರಿತ ಮಾಡುವ ಮೂರು ಮೂಲೆ ಅರದಿಂದ ಉದ್ದಕ್ಕೆ ಎರಡು ಮೂರು ಗಾಡಿ ತೆಗೆಯಿರಿ. ತುದಿಯನ್ನು ಸ್ವಲ್ಪ ಚೂಪು ಮಾಡಿ. ಒಂದು ಹನಿ ಎಣ್ಣೆ ಬಿಟ್ಟು ತಿರುಗಿಸಿ: ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಕೆರೆದ ಪುಡಿ ಆ ಗಾಡಿಗಳಲ್ಲಿ ಕೂರುತ್ತದೆ. ತೆಗೆದು ಒರೆಸಿ ಮತ್ತೆ ಹಾಕಿ. ಸಾಧ್ಯವಾದರೆ ತೂತಿನ ಹಿಂಬದಿಯಿಂದ ಹಾಕಿ, ಅಲ್ಲಿ ಥ್ರೆಡ್ಡು ಸಾಮಾನ್ಯವಾಗಿ ಚೆನ್ನಾಗಿರುತ್ತದೆ, ಬೋಲ್ಟು ನೇರವಾಗಿ ದಾರಿ ಹಿಡಿಯುತ್ತದೆ. ಇದ್ದ ಥ್ರೆಡ್ಡನ್ನು ಇದು ತೊಳೆದು ಕೊಡುತ್ತದೆಯೇ ಹೊರತು ಇಲ್ಲದ ಥ್ರೆಡ್ಡನ್ನು ಹುಟ್ಟಿಸುವುದಿಲ್ಲ.

ಪೂರ್ತಿ ಸವೆದು ಬೋಲ್ಟು ಒಳಗೆ ಹೊರಗೆ ಜಾರುತ್ತಿದ್ದರೆ ಎರಡು ದಾರಿ. ತೂತು ಆರಪಾರ ಇದ್ದರೆ ಉದ್ದನೆಯ ಬೋಲ್ಟು ಹಾಕಿ, ಆಚೆ ಬದಿಗೆ ಸ್ಪ್ರಿಂಗ್ ವಾಷರ್ ಮತ್ತು ನಟ್ಟು ಹಾಕಿ ಬಿಗಿಯಿರಿ. ನನಗೆ ಹೆಚ್ಚು ನಂಬಿಕೆ ಇರುವುದು ಇದರಲ್ಲೇ. ಆದರೆ ಬಲಗಡೆ, ಅಂದರೆ ಚೈನಿನ ಕಡೆ, ಬೋಲ್ಟಿನ ತಲೆಯನ್ನು ಒಳಗಿಟ್ಟು ನಟ್ಟನ್ನು ಹೊರಗಿಡಿ, ತಲೆ ತೆಳುವಾಗಿರಲಿ. ಪೆಡಲು ತುಳಿದು ಚೈನಿಗಾಗಲೀ ಹಲ್ಲಿನ ಚಕ್ರಕ್ಕಾಗಲೀ ಅದು ತಾಗುವುದಿಲ್ಲ ಎಂದು ನೋಡಿದ ಮೇಲೆಯೇ ಸೈಕಲ್ ಹತ್ತಿ.

ಎರಡನೆಯದು ತೂತನ್ನೇ ಒಂದು ಅಳತೆ ದೊಡ್ಡದು ಮಾಡುವುದು. ಈಗಿನ ಸೈಕಲ್‌ಗಳ ಚೌಕಟ್ಟಿನಲ್ಲಿ ಸಾಮಾನ್ಯವಾಗಿ 5 ಮಿ.ಮೀ. ಬೋಲ್ಟು ಇರುತ್ತದೆ. ಅದನ್ನು 5 ಮಿ.ಮೀ. ಡ್ರಿಲ್ಲಿನಿಂದ ಸಾಪು ಮಾಡಿ 6 ಮಿ.ಮೀ. ಟ್ಯಾಪ್ ಹಾಕಿದರೆ ಹೊಸ ಥ್ರೆಡ್ಡು ಸಿದ್ಧ. 6 ಮಿ.ಮೀ. ಬೋಲ್ಟಿಗೆ ಬೇಕಾದ ತೂತು ಸರಿಯಾಗಿ 5 ಮಿ.ಮೀ., ಆದ್ದರಿಂದ ಕಬ್ಬಿಣ ಹೆಚ್ಚು ಹೋಗುವುದಿಲ್ಲ. ಕ್ಯಾರಿಯರಿನ ಕಾಲಿನ ತೂತಿಗೂ 6 ಮಿ.ಮೀ. ಬೋಲ್ಟು ಹಿಡಿಯುತ್ತದೆಯೇ ನೋಡಿಕೊಳ್ಳಿ. ಲೇತ್ ಅಂಗಡಿಯಲ್ಲಿ ಇದು ಹತ್ತು ನಿಮಿಷದ ಕೆಲಸ. ತೂತಿನ ಸುತ್ತಲಿನ ಕಿವಿಯೇ ಬಿರುಕು ಬಿಟ್ಟಿದ್ದರೆ ಕೊರೆಯಬೇಡಿ. ಪೈಪಿಗೆ ಹಳೆಯ ಟ್ಯೂಬಿನ ರಬ್ಬರ್ ಸುತ್ತಿ ಕ್ಲಾಂಪ್ ಹಾಕಿ. ವೆಲ್ಡಿಂಗ್ ಮಾಡಿಸುತ್ತೇನೆ ಎನ್ನುವವರು ತೆಳು ಪೈಪಿಗೆ ತೂತು ಬಿದ್ದೀತು ಎಂಬುದನ್ನು ನೆನಪಿಡಿ.

ಒಂದು ಜಾಗಕ್ಕೆ ಮಾತ್ರ ಈ ಯಾವ ರಿಪೇರಿಯೂ ಬೇಡ. ಹಳೆಯ ಗಟ್ಟಿ ಸೈಕಲ್‌ಗಳಲ್ಲಿ ಕ್ಯಾರಿಯರಿನ ಕಾಲು ಹಿಂದಿನ ಚಕ್ರದ ಅಚ್ಚಿಗೇ, ಅಂದರೆ ಆಕ್ಸಲಿಗೇ ಕೂತಿರುತ್ತದೆ. ಚಕ್ರವನ್ನು ಹಿಡಿದಿರುವುದೂ ಅದೇ ನಟ್ಟು. ಅಲ್ಲಿ ಥ್ರೆಡ್ಡು ಹೋದರೆ ಅಚ್ಚು ಮತ್ತು ಎರಡೂ ನಟ್ಟು ಹೊಸದು ಹಾಕಿಸಿ. ಇಲ್ಲಿ ಇಂಚಿನ ಜಗಳ ಇನ್ನೂ ಅಪಾಯ. ಇಂಚಿನ ಅಚ್ಚು 3/8 ಇಂಚು, ಅಂದರೆ ಒಂಬತ್ತೂವರೆ ಮಿ.ಮೀ.ಗೆ ಕೂದಲಷ್ಟು ಹೆಚ್ಚು. ಮಿಲಿಮೀಟರಿನದು 10. ಎರಡರ ಸುತ್ತುಗಳ ಅಂತರ ಹೆಚ್ಚುಕಡಿಮೆ ಒಂದೇ ಆದ್ದರಿಂದ 10 ಮಿ.ಮೀ. ನಟ್ಟು ಇಂಚಿನ ಅಚ್ಚಿಗೆ ಸಲೀಸಾಗಿ ಹತ್ತುತ್ತದೆ. 'ಆಹಾ, ಎಷ್ಟು ಸರಾಗ' ಎಂದು ಖುಷಿಪಡುತ್ತೀರಿ. ಅದು ಥ್ರೆಡ್ಡಿನ ತುದಿಯನ್ನು ಮಾತ್ರ ಹಿಡಿದಿರುತ್ತದೆ. ಬಿಗಿಯುವಾಗಲೋ, ಭಾರ ಹೊತ್ತು ಇಳಿಜಾರಿನಲ್ಲಿ ಹೋಗುವಾಗಲೋ ಕಿತ್ತುಬರುತ್ತದೆ. ಅಚ್ಚಿನ ಮೇಲೆ ನಟ್ಟು ಗಲಗಲ ಅಲ್ಲಾಡಿದರೆ ಅದು ಆ ಅಚ್ಚಿನದಲ್ಲ. ಇನ್ನೊಂದು ಮಾತು: ದಪ್ಪ ಕಾಲಿನ ಕ್ಯಾರಿಯರ್ ಹಾಕಿದ ಮೇಲೆ ನಟ್ಟಿನ ಹೊರಗೆ ಅಚ್ಚಿನ ತುದಿ ಕಾಣಬೇಕು. ಕಾಣದಿದ್ದರೆ ನಟ್ಟು ಅರ್ಧ ಮಾತ್ರ ಹಿಡಿದಿದೆ, ಉದ್ದದ ಅಚ್ಚು ಬೇಕು.

ಬಿಗಿಯುವಾಗ ಸಣ್ಣ ಬೋಲ್ಟಿಗೆ ಗಿಡ್ಡ ಸ್ಪ್ಯಾನರ್ ಸಾಕು. ಸ್ಪ್ಯಾನರಿಗೆ ಪೈಪು ತುರುಕಿ ಭುಜದ ಬಲ ಹಾಕಿದರೆ ಇದ್ದ ಥ್ರೆಡ್ಡೂ ಕಿತ್ತು ಬರುತ್ತದೆ. ಬಿಗಿದು ಒಂದು ಸಲ ಭಾರ ಹೊತ್ತು ಬಂದ ಮೇಲೆ ಮತ್ತೊಮ್ಮೆ ಸ್ಪ್ಯಾನರ್ ತಾಗಿಸಿ ನೋಡಿ, ಹೊಸ ಜೋಡಣೆ ಮೊದಲ ಭಾರಕ್ಕೆ ಸ್ವಲ್ಪ ಕೂರುತ್ತದೆ. ಆಮೇಲೆ ವಾರಕ್ಕೊಮ್ಮೆ ಸಾಕು.

ನನ್ನ ಇಲಾಖೆಯ ಮಾತೊಂದನ್ನು ಹೇಳದೆ ಬಿಡಲಾರೆ. ತುಕ್ಕು ಬಿಡಿಸಲು ಸೀಮೆಎಣ್ಣೆ, ಡೀಸೆಲ್ ಬಳಸುತ್ತೀರಿ. ಹಾಲು ಸುತ್ತಲಿನ ವಾಸನೆಯನ್ನು ಬಹಳ ಬೇಗ ಎಳೆದುಕೊಳ್ಳುತ್ತದೆ. ಒಬ್ಬರ ಕ್ಯಾನಿನ ಸೀಮೆಎಣ್ಣೆ ವಾಸನೆ ಸಂಘದ ಇಡೀ ಕ್ಯಾನನ್ನು ಕೆಡಿಸಬಲ್ಲದು. ಈ ಕೆಲಸವನ್ನು ಬೆಳಗಿನ ಹಾಲು ಹಾಕಿ ಬಂದ ಮೇಲೆ ಮಾಡಿ, ಕ್ಯಾನನ್ನು ದೂರ ಇಟ್ಟು ಮಾಡಿ. ಕೈಯನ್ನು ಸಾಬೂನಿನಿಂದ ಎರಡು ಸಲ ತೊಳೆಯದೆ ಕೆಚ್ಚಲು ಮುಟ್ಟಬೇಡಿ. ಎಣ್ಣೆ ಒರೆಸಿದ ಬಟ್ಟೆ ಕೊಟ್ಟಿಗೆಗೆ ಬಾರದಿರಲಿ.

ಕೊನೆಯದಾಗಿ ಆಡಳಿತ ಮಂಡಳಿಯವರಿಗೆ ಒಂದು ಕೋರಿಕೆ. 8, 10 ಮತ್ತು 13 ನಂಬರಿನ ಸ್ಪ್ಯಾನರ್, 5 ಮತ್ತು 6 ಮಿ.ಮೀ. ಟ್ಯಾಪ್, ಅದನ್ನು ಹಿಡಿಯುವ ಹಿಡಿಕೆ, ಒಂದು ಹಿಡಿ ಬೋಲ್ಟು ನಟ್ಟು ವಾಷರು, ಇಷ್ಟನ್ನು ಒಂದು ಡಬ್ಬಿಯಲ್ಲಿ ಹಾಕಿ ಸಂಘದ ಕಚೇರಿಯಲ್ಲಿ ಇಡಿ, ತೆಗೆದುಕೊಂಡವರ ಹೆಸರು ಬರೆಯಲು ಒಂದು ಪುಸ್ತಕ ಇರಲಿ. ಟ್ಯಾಪ್ ಗಡುಸು ಉಕ್ಕಿನದು, ಓರೆ ಮಾಡಿದರೆ ಕಡ್ಡಿಯಂತೆ ಮುರಿದು ತೂತಿನಲ್ಲೇ ಕೂರುತ್ತದೆ. ಆದ್ದರಿಂದ ಸಂಘದಲ್ಲಿ ಕೈ ಪಳಗಿದ ಒಬ್ಬರೇ ಅದನ್ನು ಬಳಸುವಂತೆ ಏರ್ಪಾಡು ಮಾಡಿ. ಊಟಕ್ಕೆ ಇನ್ನೂ ಅರ್ಧ ಗಂಟೆ ಇದೆ. ಸೈಕಲ್ ತಂದವರು ಹುಣಸೆಮರದ ಕೆಳಗೆ ಬನ್ನಿ, ಕ್ಯಾರಿಯರ್ ಅಲ್ಲಾಡಿಸಿ ನೋಡೋಣ.